ಗ್ವಾದಲೂಪೆ ಕಣಿವೆಯ ದ್ರಾಕ್ಷಾಮದ್ಯ

ದ್ರಾಕ್ಷಾಮದ್ಯವೆಂದೊಡನೆ ಫ್ರಾನ್ಸ್, ಇಟಲಿ, ಸ್ಪೇನ್ ಮೊದಲಾದ ದೇಶಗಳು ನೆನಪಿಗೆ ಬರುವುದು ಸಹಜವಾಗಿದೆ. ಆ ದೇಶಗಳಲ್ಲಿ ದ್ರಾಕ್ಷಿಯ ಬಳ್ಳಿಯು ಪ್ರಾಚೀನಕಾಲದಿಂದಲೂ ಜನರ ಊಟ, ಪೂಜೆ, ಹಬ್ಬ, ವ್ಯಾಪಾರಗಳೊಡನೆ ಹೆಣೆದುಕೊಂಡು ಬಂದಿದೆ. ಅಂತಹ ಪರಂಪರೆಯಿಲ್ಲದ ನಾಡಿನಲ್ಲಿ, ಅದರಲ್ಲಿಯೂ ಮಳೆ ವಿರಳವಾದ ಮರುಭೂಮಿಯ ಅಂಚಿನಲ್ಲಿ, ಮದ್ಯದ ಸಂಸ್ಕೃತಿಯೊಂದು ಹೇಗೆ ಹುಟ್ಟುತ್ತದೆ, ಯಾರು ಅದನ್ನು ಪೋಷಿಸುತ್ತಾರೆ, ಯಾವುದರ ಬಲದಿಂದ ಅದು ಉಳಿಯುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರವನ್ನು ಅರಸುವವರಿಗೆ ಮೆಕ್ಸಿಕೋ ದೇಶದ ವಾಯವ್ಯ ಮೂಲೆಯಲ್ಲಿರುವ ಗ್ವಾದಲೂಪೆ ಕಣಿವೆಯ ಚರಿತ್ರೆಯು ಬಹಳ ಉಪಯುಕ್ತವಾಗಿದೆ. ಮೆಕ್ಸಿಕೋದಲ್ಲಿ ತಯಾರಾಗುವ ದ್ರಾಕ್ಷಾಮದ್ಯದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು, ಈ ಕಣಿವೆಯೂ ಇದರ ನೆರೆಯ ಕಣಿವೆಗಳೂ ಸೇರಿದ ಬಾಹಾ ಕ್ಯಾಲಿಫೋರ್ನಿಯಾ ರಾಜ್ಯದಿಂದಲೇ ಬರುತ್ತದೆ. ಇಲ್ಲಿಗೆ ಬಂದ ಒಂದೊಂದು ಜನವರ್ಗವೂ ಬಳ್ಳಿಯನ್ನು ಒಂದೊಂದು ಉದ್ದೇಶಕ್ಕಾಗಿ ಬೆಳೆಸಿತು. ಆದರೆ ಎಲ್ಲರೂ ನೆಚ್ಚಿದುದು ನೆಲದೊಳಗಿನ ಒಂದೇ ನೀರನ್ನು. ಆದುದರಿಂದ ಈ ನೀರಿನ ವೃತ್ತಾಂತವನ್ನು ಬಿಟ್ಟು ಇಲ್ಲಿಯ ಮದ್ಯದ ವೃತ್ತಾಂತವನ್ನು ಹೇಳಲಾಗದು.

೧. ನೆಲ ಮತ್ತು ಕಡಲು

ಬಾಹಾ ಎಂಬ ಸ್ಪೇನೀ ಮಾತಿಗೆ ಕೆಳಗಿನದು ಎಂದು ಅರ್ಥ. ಅಮೆರಿಕಾ ಸಂಯುಕ್ತ ಸಂಸ್ಥಾನಕ್ಕೆ ಸೇರಿದ ಕ್ಯಾಲಿಫೋರ್ನಿಯಾದ ಕೆಳಗೆ, ಶಾಂತಸಾಗರಕ್ಕೂ ಕ್ಯಾಲಿಫೋರ್ನಿಯಾ ಕೊಲ್ಲಿಗೂ ನಡುವೆ, ಸುಮಾರು ೧,೨೦೦ ಕಿಲೋಮೀಟರ್ ಉದ್ದಕ್ಕೆ ಚಾಚಿಕೊಂಡಿರುವ ಪರ್ಯಾಯದ್ವೀಪವೇ ಈ ಕೆಳಗಿನ ಕ್ಯಾಲಿಫೋರ್ನಿಯಾ. ಇದರ ಬಹುಭಾಗ ಮರುಭೂಮಿ. ವಾಯವ್ಯ ತುದಿಯಲ್ಲಿ, ಎನ್ಸೆನಾದಾ ಎಂಬ ರೇವುಪಟ್ಟಣದ ಸಮೀಪದಲ್ಲಿ, ಬೆಟ್ಟಗಳ ನಡುವೆ ಗ್ವಾದಲೂಪೆ ಕಣಿವೆಯಿದೆ. ಇದು ಉತ್ತರ ಅಕ್ಷಾಂಶ ೩೨ರ ಸುಮಾರಿನಲ್ಲಿದೆ. ಮದ್ಯಕ್ಕೆ ಯೋಗ್ಯವಾದ ದ್ರಾಕ್ಷಿಯು ಸಾಮಾನ್ಯವಾಗಿ ೩೦ರಿಂದ ೫೦ನೆಯ ಅಕ್ಷಾಂಶಗಳ ನಡುವೆ ಬೆಳೆಯತಕ್ಕದ್ದೆಂದು ಬಲ್ಲವರು ಹೇಳುವುದುಂಟು. ಆ ಲೆಕ್ಕದಲ್ಲಿ ಗ್ವಾದಲೂಪೆಯು ಬಿಸಿಲಿನ ಕಡೆಯ ಎಲ್ಲೆಯ ಮೇಲೆಯೇ ನಿಂತಿದೆ.

ಇಷ್ಟು ಬಿಸಿಲಿನ ನಾಡಿನಲ್ಲಿ ಒಳ್ಳೆಯ ಮದ್ಯವಾಗುವುದು ಹೇಗೆಂದರೆ, ಕಡಲಿನ ದೆಸೆಯಿಂದ. ಶಾಂತಸಾಗರದ ಈ ಕರಾವಳಿಯುದ್ದಕ್ಕೂ ಉತ್ತರದಿಂದ ತೆಂಕಣಕ್ಕೆ ತಣ್ಣನೆಯ ಪ್ರವಾಹವೊಂದು ಹರಿಯುತ್ತದೆ. ಅಲ್ಲದೆ ಗಾಳಿಯು ಮೇಲಿನ ನೀರನ್ನು ದಡದಿಂದಾಚೆಗೆ ತಳ್ಳುವುದರಿಂದ ಆಳದ ಶೀತಲವಾದ ನೀರು ಮೇಲಕ್ಕೇಳುತ್ತದೆ. ಹಗಲಿನಲ್ಲಿ ಒಳನಾಡಿನ ನೆಲವು ಕಾದು ಗಾಳಿ ಮೇಲಕ್ಕೆ ಏರಲು, ಆ ತೆರವನ್ನು ತುಂಬುವುದಕ್ಕಾಗಿ ಕಡಲಿನ ತಂಪುಗಾಳಿ ಕಣಿವೆಯ ಬಾಯಿಂದ ಒಳಕ್ಕೆ ನುಗ್ಗುತ್ತದೆ. ರಾತ್ರಿಯಲ್ಲಿ ಮಂಜು ಕವಿಯುವುದೂ ಉಂಟು. ದ್ರಾಕ್ಷಿಯ ಹಣ್ಣು ಬಿಸಿಲಿನಲ್ಲಿ ಸಕ್ಕರೆಯನ್ನು ಕೂಡಿಸಿಕೊಳ್ಳುತ್ತದೆ. ಆದರೆ ಸೆಕೆ ರಾತ್ರಿಯೂ ಮುಂದುವರಿದರೆ ಹಣ್ಣು ತನ್ನೊಳಗಿನ ಹುಳಿಯನ್ನು ಉಸಿರಾಟದಲ್ಲಿಯೇ ಕಳೆದುಕೊಳ್ಳುವುದು. ಹುಳಿಯಿಲ್ಲದ ಹಣ್ಣಿನ ಮದ್ಯವು ಜಡವಾಗಿ, ಬೇಗನೆ ಕೆಡುತ್ತದೆ. ತಂಪಾದ ರಾತ್ರಿಯು ಆ ಹುಳಿಯನ್ನು ಕಾಪಾಡುತ್ತದೆ. ಬಿಸಿಲನ್ನು ಮರುಭೂಮಿಯೂ ತಂಪನ್ನು ಕಡಲೂ ಒದಗಿಸುವುದರಿಂದಲೇ ಈ ಕಣಿವೆ ದ್ರಾಕ್ಷಿಗೆ ಅನುಕೂಲವಾಯಿತು.

ಆದರೆ ಇವೆರಡೂ ಒದಗಿಸದಿರುವುದು ಒಂದುಂಟು, ಅದೇ ನೀರು. ವರ್ಷಕ್ಕೆ ಸರಾಸರಿ ೧೦ರಿಂದ ೧೨ ಅಂಗುಲ ಮಳೆ, ಅದೂ ಚಳಿಗಾಲದಲ್ಲಿ ಮಾತ್ರ. ಹಣ್ಣು ಮಾಗುವ ಬೇಸಗೆಯಲ್ಲಿ ಹನಿ ಬೀಳುವುದೇ ಅಪರೂಪ. ಇದರಿಂದ ಬೂಷ್ಟಿನ ರೋಗಗಳ ಭಯ ಕಡಿಮೆಯೆಂಬುದು ನಿಜ. ಆದರೆ ಬೇರಿಗೆ ಬೇಕಾದ ತೇವವನ್ನು ಬೇರೆಡೆಯಿಂದ ತರಬೇಕಾಗುವುದು. ಗ್ವಾದಲೂಪೆ ನದಿಯು ವರ್ಷದ ಬಹುಕಾಲ ಮರಳಿನ ಹಾಸಾಗಿಯೇ ಕಾಣುತ್ತದೆ. ಪೂರ್ವದ ಹ್ವಾರೆಸ್ ಪರ್ವತಶ್ರೇಣಿಯಿಂದ ಇಳಿದುಬರುವ ನೀರು ಮರಳಿನೊಳಗೆ ಇಂಗಿ ಕಣಿವೆಯ ಅಡಿಯಲ್ಲಿ ಸಂಗ್ರಹವಾಗುವುದು. ಕಣಿವೆಯ ನಿಜವಾದ ನದಿ ನೆಲದೊಳಗಿನ ಈ ಸಂಗ್ರಹವೇ ಆಗಿದೆ.

೨. ಪಾದ್ರಿಗಳ ಬಳ್ಳಿ

ಮೆಕ್ಸಿಕೋಕ್ಕೆ ಯೂರೋಪಿನ ದ್ರಾಕ್ಷಿಯನ್ನು ತಂದವರು ಸ್ಪೇನಿನವರು. ನೂರು ಮಂದಿ ಮೂಲನಿವಾಸಿಗಳ ದುಡಿಮೆಯನ್ನು ಪಡೆದ ಪ್ರತಿಯೊಬ್ಬ ಸ್ಪೇನಿಯನೂ ವರ್ಷಕ್ಕೆ ಸಾವಿರ ಬಳ್ಳಿಗಳನ್ನು ನೆಡಿಸತಕ್ಕದ್ದೆಂದು ೧೫೨೪ರಲ್ಲಿ ಎರ್ನಾನ್ ಕೊರ್ತೆಸ್ ಕಟ್ಟಳೆ ಮಾಡಿದನು. ಈಶಾನ್ಯದ ಪಾರ್ರಾಸ್ ಎಂಬಲ್ಲಿ ೧೫೯೭ರಲ್ಲಿಯೇ ಮದ್ಯಶಾಲೆಯೊಂದು ಸ್ಥಾಪಿತವಾಯಿತು. ಆದರೆ ತಾಯ್ನಾಡಿನ ಮದ್ಯವ್ಯಾಪಾರಕ್ಕೆ ಕುಂದುಂಟಾಗುವುದೆಂಬ ಶಂಕೆಯಿಂದ, ವಸಾಹತುಗಳಲ್ಲಿ ಹೊಸ ತೋಟಗಳನ್ನು ಹಾಕಕೂಡದೆಂದು ಸ್ಪೇನಿನ ದೊರೆ ಎರಡನೆಯ ಫಿಲಿಪ್ಪನು ೧೫೯೫ರಲ್ಲಿ ಆಜ್ಞೆಯಿತ್ತನು. ಪೂಜೆಗೆ ಮದ್ಯವು ಅವಶ್ಯವಾದುದರಿಂದ ಮಠಗಳಲ್ಲಿ ಮಾತ್ರ ಬಳ್ಳಿಯು ಬದುಕಿತು. ಕ್ರೈಸ್ತರ ಪ್ರಧಾನ ಪೂಜೆಯು ರೊಟ್ಟಿ ಮತ್ತು ದ್ರಾಕ್ಷಾರಸಗಳಿಲ್ಲದೆ ನಡೆಯತಕ್ಕದ್ದಲ್ಲವಷ್ಟೆ.

ಬಾಹಾ ಕ್ಯಾಲಿಫೋರ್ನಿಯಾದ ಮೊದಲನೆಯ ಶಾಶ್ವತವಾದ ಮಠವನ್ನು ಜೆಸ್ಯೂಟ್ ಪಂಥದ ಹ್ವಾನ್ ಮಾರಿಯಾ ದೆ ಸಾಲ್ವಾತಿಯೆರ್ರಾ ಎಂಬ ಪಾದ್ರಿಯು ೧೬೯೭ರಲ್ಲಿ ಲೊರೆತೋ ಎಂಬಲ್ಲಿ ಸ್ಥಾಪಿಸಿದನು. ಅದರ ಸಮೀಪದ ಸಾನ್ ಹಾವಿಯೆರ್ ಮಠಕ್ಕೆ ೧೭೦೧ರಲ್ಲಿ ಬಂದ ಹ್ವಾನ್ ದೆ ಉಗಾರ್ತೆಯು ಬೆಟ್ಟದ ಊಟೆಗಳ ನೀರನ್ನು ಕಾಲುವೆಗಳಲ್ಲಿ ತಂದು ಗೋದಿ, ಹಣ್ಣಿನ ಮರ, ದ್ರಾಕ್ಷಿಗಳನ್ನು ಬೆಳೆಸಿದನು. ಈ ಪರ್ಯಾಯದ್ವೀಪದಲ್ಲಿ ಬಳ್ಳಿಯನ್ನು ನೆಟ್ಟ ಮೊದಲಿಗನೆಂದು ಅವನನ್ನು ಎಣಿಸುವರು. ಸ್ಪೇನಿನ ದೊರೆಯು ೧೭೬೭ರಲ್ಲಿ ಜೆಸ್ಯೂಟರನ್ನು ಹೊರದೂಡಲು, ಅವರ ಸ್ಥಾನಕ್ಕೆ ಮೊದಲು ಫ್ರಾನ್ಸಿಸ್ಕನ್ನರೂ ೧೭೭೩ರಿಂದ ದೊಮಿನಿಕನ್ನರೂ ಬಂದರು. ದೊಮಿನಿಕನ್ನರು ಉತ್ತರದ ಕಡೆಗೆ ಸರಿಯುತ್ತ ೧೭೯೧ರಲ್ಲಿ ಸಾಂತೋ ತೊಮಾಸ್ ಮಠವನ್ನೂ, ೧೮೩೪ರಲ್ಲಿ ಗ್ವಾದಲೂಪೆ ಮಠವನ್ನೂ ಕಟ್ಟಿದರು. ಎರಡು ಕ್ಯಾಲಿಫೋರ್ನಿಯಾಗಳಲ್ಲಿಯೂ ಕಟ್ಟಲ್ಪಟ್ಟ ಮಠಗಳಲ್ಲಿ ಕೊನೆಯದು ಇದೇ. ಕಣಿವೆಗೆ ಹೆಸರು ಬಂದುದೂ ಇದರಿಂದಲೇ.

ಪಾದ್ರಿಗಳು ನೆಟ್ಟ ಈ ಕಪ್ಪು ದ್ರಾಕ್ಷಿಗೆ ಮಿಷನ್ ದ್ರಾಕ್ಷಿಯೆಂದೇ ಹೆಸರು ನಿಂತಿತು. ಇದರ ಮೂಲವು ಬಹುಕಾಲ ಚರ್ಚೆಗೆ ಒಳಗಾಗಿದ್ದಿತು. ಇದು ಸ್ಪೇನಿನಲ್ಲಿ ಮರೆತುಹೋಗುವಷ್ಟು ಅಪೂರ್ವವಾದ ಲಿಸ್ತಾನ್ ಪ್ರಿಯೆತೋ ಎಂಬ ತಳಿಯೇ ಎಂಬುದನ್ನು ಸ್ಪೇನಿನ ಸಂಶೋಧಕರು ಡಿ.ಎನ್.ಎ. ಪರೀಕ್ಷೆಯಿಂದ ಸಿದ್ಧಪಡಿಸಿ ೨೦೦೭ರಲ್ಲಿ ಪ್ರಕಟಿಸಿದರು.

ಈ ಸಂದರ್ಭದಲ್ಲಿ ಮರೆಯತಕ್ಕದ್ದಲ್ಲದ ಸಂಗತಿಯೊಂದಿದೆ. ಮಠಗಳ ಕಾಲುವೆಗಳನ್ನು ತೋಡಿ ಬಳ್ಳಿಗಳನ್ನು ನೆಟ್ಟ ಕೈಗಳು ಪಾದ್ರಿಗಳವಲ್ಲ, ಮೂಲನಿವಾಸಿಗಳವು. ಯೂರೋಪಿನಿಂದ ಬಂದ ಸಿಡುಬು, ದಡಾರ ಮೊದಲಾದ ರೋಗಗಳಿಗೆ ತುತ್ತಾಗಿ ಪರ್ಯಾಯದ್ವೀಪದ ನಡುನಾಡಿನ ಕೊಚಿಮೀ ಜನರು ಬಹುಮಟ್ಟಿಗೆ ನಶಿಸಿದರು. ಅವರ ಭಾಷೆಯನ್ನು ಆಡುವವರು ಈಗ ಯಾರೂ ಇಲ್ಲ. ಬಳ್ಳಿಯು ಉಳಿಯಿತು, ನೆಟ್ಟವರು ಉಳಿಯಲಿಲ್ಲ. ಗ್ವಾದಲೂಪೆಯ ಕುಮಿಯಾಯ್ ಜನರು ಮಾತ್ರ ಮಠದ ಅಧಿಕಾರವನ್ನು ಎದುರಿಸಿದರು. ೧೮೪೦ರಲ್ಲಿ ಅವರ ದಾಳಿಗೆ ಸಿಕ್ಕಿದ ಗ್ವಾದಲೂಪೆ ಮಠವು ಹಾಳುಬಿದ್ದಿತು. ಅವರ ಸಂತತಿಯವರು ಕಣಿವೆಯ ಸಾನ್ ಅಂತೋನಿಯೋ ನೆಕ್ವಾ ಎಂಬ ಊರಿನಲ್ಲಿ ಇಂದಿಗೂ ಇದ್ದಾರೆ.

೩. ಮದ್ಯವನ್ನು ಮುಟ್ಟದವರ ತೋಟ

ಮಠಗಳು ಅಳಿದ ಮೇಲೆ ಬಳ್ಳಿಯು ವ್ಯಾಪಾರಿಗಳ ಕೈಸೇರಿತು. ಸಾಂತೋ ತೊಮಾಸ್ ಮಠದ ಹಳೆಯ ತೋಟಗಳಿದ್ದ ಕಣಿವೆಯಲ್ಲಿ ಫ್ರಾನ್ಸಿಸ್ಕೋ ಅಂದೊನಾಯೆಗಿಯು ೧೮೮೮ರಲ್ಲಿ ಸ್ಥಾಪಿಸಿದ ಮದ್ಯಶಾಲೆಯು ಬಾಹಾ ಕ್ಯಾಲಿಫೋರ್ನಿಯಾದ ವ್ಯಾಪಾರೀ ಮದ್ಯಶಾಲೆಗಳಲ್ಲಿ ಅತ್ಯಂತ ಹಳೆಯದಾಗಿದೆ. ಆದರೆ ಗ್ವಾದಲೂಪೆ ಕಣಿವೆಯ ನೆಲವನ್ನು ವ್ಯವಸಾಯಕ್ಕೆ ಹದಗೊಳಿಸಿದವರು ಬೇರೆಯವರು. ಅವರು ಮದ್ಯವನ್ನು ಮುಟ್ಟದ ವ್ರತವುಳ್ಳವರಾಗಿದ್ದರೆಂಬುದು ಇಲ್ಲಿಯ ಚರಿತ್ರೆಯ ಒಂದು ವೈಚಿತ್ರ್ಯ.

ಇವರು ಮೊಲೊಕನ್ ಎಂಬ ರಷ್ಯನ್ ಕ್ರೈಸ್ತಪಂಥದವರು. ಮೊಲೊಕೊ ಎಂದರೆ ರಷ್ಯನ್ ಭಾಷೆಯಲ್ಲಿ ಹಾಲು. ರಷ್ಯದ ರಾಜಧರ್ಮವು ಉಪವಾಸದ ದಿನಗಳಲ್ಲಿ ನಿಷೇಧಿಸಿದ ಹಾಲನ್ನು ಇವರು ಕುಡಿಯುತ್ತಿದ್ದುದರಿಂದ ಈ ಹೆಸರು ಬಂದಿತೆನ್ನುವರು. ಮದ್ಯ ಮತ್ತು ಹಂದಿಯ ಮಾಂಸಗಳು ಇವರಿಗೆ ವರ್ಜ್ಯ. ಯುದ್ಧದಲ್ಲಿ ಆಯುಧ ಹಿಡಿಯುವುದೂ ವರ್ಜ್ಯ. ರಷ್ಯ–ಜಪಾನ್ ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಬೇಕೆಂಬ ಬಲಾತ್ಕಾರವನ್ನು ತಪ್ಪಿಸಿಕೊಂಡು ಹೊರಟವರಲ್ಲಿ ಸುಮಾರು ನೂರು ಕುಟುಂಬಗಳು, ಅಧ್ಯಕ್ಷ ಪೊರ್ಫೀರಿಯೋ ದಿಯಾಸನ ಆಳಿಕೆಯಲ್ಲಿ, ೧೯೦೫ರ ಸುಮಾರಿಗೆ ಈ ಕಣಿವೆಗೆ ಬಂದು, ೧೩,೦೦೦ ಎಕರೆಯಷ್ಟು ಭೂಮಿಯನ್ನು ಕೊಂಡು ನೆಲಸಿದವು. ಅವರು ಮುಖ್ಯವಾಗಿ ಬೆಳೆದುದು ಗೋದಿ. ಚಳಿಗಾಲದ ಮಳೆಯನ್ನೇ ನಂಬಿದ ಬೆಳೆ ಅದು. ಕಾಲಕ್ರಮದಲ್ಲಿ ಅವರೂ ದ್ರಾಕ್ಷಿಯನ್ನು ನೆಟ್ಟು ಹಣ್ಣನ್ನು ಮದ್ಯಶಾಲೆಗಳಿಗೆ ಮಾರತೊಡಗಿದರು. ತಾವು ಕುಡಿಯದ ಮದ್ಯಕ್ಕೆ ಹಣ್ಣನ್ನು ಒದಗಿಸುವುದರಲ್ಲಿ ಅವರು ವ್ರತಭಂಗವನ್ನು ಕಾಣಲಿಲ್ಲವೆಂದು ತೋರುತ್ತದೆ.

ಭೂಮಿಯಿಲ್ಲದ ರೈತರು ೧೯೫೮ರಲ್ಲಿ ಗುಂಪುಗುಂಪಾಗಿ ಬಂದು ಕಣಿವೆಯಲ್ಲಿ ಬೀಡುಬಿಟ್ಟರು. ಗ್ವಾದಲೂಪೆ ಎಂಬ ಊರಿಗೆ ಫ್ರಾನ್ಸಿಸ್ಕೋ ಸಾರ್ಕೋ ಎಂಬ ಹೊಸ ಹೆಸರಾಯಿತು. ಮೊಲೊಕನ್ನರಲ್ಲಿ ಬಹುಮಂದಿ ಗಡಿದಾಟಿ ಉತ್ತರದ ಕ್ಯಾಲಿಫೋರ್ನಿಯಾಕ್ಕೆ ಹೊರಟುಹೋದರು. ಈಗ ಅವರ ಕುರುಹಾಗಿ ಒಂದು ಸಣ್ಣ ವಸ್ತುಸಂಗ್ರಹಾಲಯ, ಕೆಲವು ಸಮಾಧಿಗಳು, ಕೆಲವು ಮನೆತನಗಳು ಉಳಿದಿವೆ. ಆ ಮನೆತನಗಳಲ್ಲೊಂದಾದ ಬಿಬಾಯೋಫ್ ಎಂಬುದರ ಹೆಸರನ್ನು ಈಗ ಒಂದು ಮದ್ಯಶಾಲೆಯೇ ಹೊತ್ತಿದೆ.

೪. ಬ್ರಾಂದಿಯಿಂದ ಮದ್ಯಕ್ಕೆ

ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ೧೯೨೦ರಿಂದ ೧೯೩೩ರ ವರೆಗೆ ಪಾನನಿಷೇಧವು ಜಾರಿಯಲ್ಲಿದ್ದಾಗ ಗಡಿಯ ಈಚೆಯ ತಿಹ್ವಾನಾ, ಎನ್ಸೆನಾದಾ ಪಟ್ಟಣಗಳಿಗೆ ಕುಡಿಯಲು ಬರುವವರು ಹೆಚ್ಚಿದರು. ಉತ್ತರ ಇಟಲಿಯ ಟ್ರೆಂಟಿನೋ ಪ್ರಾಂತದಿಂದ ಬಂದ ಆಂಜೆಲೋ ಚೆಟ್ಟೋ ಎಂಬಾತನು ತನ್ನ ಉದ್ಯಮವನ್ನು ೧೯೨೮ರಲ್ಲಿ ಆರಂಭಿಸಿದುದು ಈ ಅನುಕೂಲದ ಕಾಲದಲ್ಲಿಯೇ. ಪ್ರಾಂತದ ರಾಜ್ಯಪಾಲನಾಗಿದ್ದು ಮುಂದೆ ೧೯೩೨ರಿಂದ ೧೯೩೪ರ ವರೆಗೆ ಮೆಕ್ಸಿಕೋದ ಅಧ್ಯಕ್ಷನಾದ ಆಬೆಲಾರ್ದೋ ರೊದ್ರೀಗೆಸನು ಸಾಂತೋ ತೊಮಾಸ್ ಮದ್ಯಶಾಲೆಯ ಒಡೆಯನಾದನು.

ಆದರೂ ಮೆಕ್ಸಿಕೋ ಜನರು ದ್ರಾಕ್ಷಾಮದ್ಯವನ್ನು ತಮ್ಮದಾಗಿ ಮಾಡಿಕೊಳ್ಳಲಿಲ್ಲ. ಅವರ ಪಾನೀಯಗಳು ಬಿಯರ್, ತೆಕೀಲಾ ಮತ್ತು ಪುಲ್ಕೆ. ಇಪ್ಪತ್ತನೆಯ ಶತಮಾನದ ನಡುಭಾಗದಿಂದ ಬೆಳೆದ ದ್ರಾಕ್ಷಿಯಲ್ಲಿ ಬಹುಪಾಲು ಬ್ರಾಂದಿಯಾಗಿ ಪರಿಣಮಿಸುತ್ತಿತ್ತು. ಬ್ರಾಂದಿಯೆಂದರೆ ಮದ್ಯವನ್ನು ಕಾಯಿಸಿ ಭಟ್ಟಿಯಿಳಿಸಿದ ಸಾರ. ಅದಕ್ಕೆ ಹಣ್ಣಿನ ಪ್ರಮಾಣವೇ ಮುಖ್ಯವಾಗಿ, ಗುಣವು ಅಷ್ಟು ಮುಖ್ಯವಲ್ಲದುದರಿಂದ, ಹೆಚ್ಚು ನೀರು ಹಾಯಿಸಿ ಹೆಚ್ಚು ಹಣ್ಣನ್ನು ಪಡೆಯುವುದೇ ಬೇಸಾಯಗಾರರ ಗುರಿಯಾಗಿದ್ದಿತು. ಬ್ರಾಂದಿಗೆ ಹೆಸರಾದ ದೊಮೆಕ್ ಎಂಬ ಸ್ಪೇನೀ ಸಂಸ್ಥೆಯೂ ೧೯೭೨ರಲ್ಲಿ ಕಣಿವೆಗೆ ಬಂದಿತು.

ಈ ಸ್ಥಿತಿಯನ್ನು ತಲೆಕೆಳಗು ಮಾಡಿದುದು ೧೯೮೬ನೆಯ ವರ್ಷ. ಆ ವರ್ಷ ಮೆಕ್ಸಿಕೋ ಸರಕಾರವು ಸುಂಕ ಮತ್ತು ವ್ಯಾಪಾರಗಳ ಅಂತರರಾಷ್ಟ್ರೀಯ ಒಪ್ಪಂದವಾದ ಗ್ಯಾಟ್‌ಗೆ ಸೇರಲು, ಯೂರೋಪಿನ ಅಗ್ಗದ ಮದ್ಯವು ದೇಶದೊಳಕ್ಕೆ ಹರಿಯಿತು. ಅನೇಕ ಮದ್ಯಶಾಲೆಗಳು ಮುಚ್ಚಿದವು. ಅಗ್ಗದಲ್ಲಿ ಪರದೇಶದೊಡನೆ ಪೈಪೋಟಿ ಅಸಾಧ್ಯವೆಂಬುದು ಖಚಿತವಾದ ಮೇಲೆ ಉಳಿದವರಿಗೆ ತೋರಿದ ದಾರಿ ಒಂದೇ. ಸ್ವಲ್ಪವನ್ನೇ ಮಾಡಿ ಒಳ್ಳೆಯದನ್ನು ಮಾಡುವುದು. ಮರುವರ್ಷವೇ, ಅಂದರೆ ೧೯೮೭ರಲ್ಲಿ, ಹಾನ್ಸ್ ಬಾಕ್‌ಹಾಫ್ ಮತ್ತು ಅವನ ಗೆಳೆಯರು ಮೊಂತೆ ಶಾನಿಕ್ ಎಂಬ ಮದ್ಯಶಾಲೆಯನ್ನು ತೆರೆದರು. ಶಾನಿಕ್ ಎಂದರೆ ಕೋರಾ ಜನರ ನುಡಿಯಲ್ಲಿ ಮೊದಲ ಮಳೆಯ ಬಳಿಕ ಅರಳುವ ಹೂವೆಂದು ಅದರವರು ವಿವರಿಸುತ್ತಾರೆ. ಮಳೆಗಾಗಿ ಹಂಬಲಿಸುವ ನಾಡಿಗೆ ಆ ಹೆಸರು ಒಪ್ಪುತ್ತದೆ.

೫. ಹೊಸ ಸಂಪ್ರದಾಯ

ಈ ಕಾಲದ ಬೆಳವಣಿಗೆಯಲ್ಲಿ ಇಬ್ಬರ ಹೆಸರು ಉಲ್ಲೇಖಾರ್ಹವಾಗಿದೆ. ಇಟಲಿಯಿಂದ ೧೯೬೫ರಲ್ಲಿ ಬಂದ ಕಾಮಿಲ್ಲೋ ಮಾಗೋನಿಯು ಚೆಟ್ಟೋ ಸಂಸ್ಥೆಯಲ್ಲಿ ದಶಕಗಳ ಕಾಲ ದುಡಿದು, ಹತ್ತಾರು ತಳಿಗಳನ್ನು ಈ ನೆಲದಲ್ಲಿ ಪರೀಕ್ಷಿಸಿದನು. ತಂಪಾದ ಬೆಟ್ಟನಾಡಿನ ನೆಬ್ಬಿಯೋಲೋ ಎಂಬ ಇಟಲಿಯ ದ್ರಾಕ್ಷಿಯ ಹೆಸರು ಬಾಹಾದಲ್ಲಿ ಪ್ರಸಿದ್ಧವಾದುದು ಅವನ ಶ್ರಮದಿಂದ. ಎರಡನೆಯವನು ಊಗೋ ದಾಕೋಸ್ತಾ. ಸಾಂತೋ ತೊಮಾಸಿನಲ್ಲಿ ಮದ್ಯತಜ್ಞನಾಗಿದ್ದ ಇವನು ೧೯೯೭ರಲ್ಲಿ ಕಾಸಾ ದೆ ಪಿಯೆದ್ರಾ, ಎಂದರೆ ಕಲ್ಲುಮನೆ, ಎಂಬ ಸಣ್ಣ ಮದ್ಯಶಾಲೆಯನ್ನು ಸ್ಥಾಪಿಸಿದನು. ಬಳಿಕ ೨೦೦೪ರಲ್ಲಿ ಎಲ್ ಪೊರ್ವೆನೀರ್ ಎಂಬ ಊರಿನ ಹಳೆಯ ಎಣ್ಣೆಗಾಣವೊಂದರಲ್ಲಿ ಶಾಲೆಯನ್ನು ತೆರೆದನು. ಲಾ ಎಸ್ಕ್ವೆಲೀತಾ, ಎಂದರೆ ಪುಟ್ಟ ಶಾಲೆ, ಎಂದು ಅದರ ರೂಢನಾಮ. ಸ್ವಂತ ಯಂತ್ರಗಳಿಲ್ಲದ ಸಣ್ಣ ಬೆಳೆಗಾರನೂ ಅಲ್ಲಿ ತನ್ನ ಹಣ್ಣನ್ನು ತಂದು, ತಾನೇ ತುಳಿದು, ಹುದುಗಿಸಿ, ಮದ್ಯ ಮಾಡುವ ವಿದ್ಯೆಯನ್ನು ಕಲಿಯುವನು. ಯೂರೋಪಿನಲ್ಲಿ ತಂದೆಯಿಂದ ಮಗನಿಗೆ ಇಳಿದುಬರುವ ವಿದ್ಯೆಯು ಪರಂಪರೆಯಿಲ್ಲದ ನಾಡಿನಲ್ಲಿ ಶಾಲೆಯಿಂದ ಹರಡಬೇಕಾಯಿತು. ಹಿಂದೆ ಬೆರಳೆಣಿಕೆಯಷ್ಟಿದ್ದ ಮದ್ಯಶಾಲೆಗಳು ಈಗ ನೂರಕ್ಕೂ ಮಿಕ್ಕಿರುವುದಕ್ಕೆ ಇದೂ ಒಂದು ಕಾರಣ.

ಸುಗ್ಗಿಯ ಹಬ್ಬವು ಪ್ರತಿ ವರ್ಷ ಆಗಸ್ಟ್ ತಿಂಗಳಲ್ಲಿ ೧೯೯೦ರ ದಶಕದ ಆರಂಭದಿಂದ ನಡೆದುಬಂದಿದೆ. ದ್ರಾಕ್ಷಿ ಮತ್ತು ಮದ್ಯಗಳ ವಸ್ತುಸಂಗ್ರಹಾಲಯವು ೨೦೧೨ರಲ್ಲಿ ತೆರೆಯಿತು. ಊಟದಲ್ಲಿ ಎನ್ಸೆನಾದಾದ ಮೀನು, ಚಿಪ್ಪುಜೀವಿಗಳು, ಕಣಿವೆಯ ಎಣ್ಣೆಮರದ ಕಾಯಿ, ಜೋಳದ ರೊಟ್ಟಿ ಇವುಗಳೊಡನೆ ಮದ್ಯವು ಸೇರಿತು. ಮನೆಕಟ್ಟುವಿಕೆಯಲ್ಲಿಯೂ ಈ ನಾಡಿನ ಕೊರತೆಯೇ ಒಂದು ಶೈಲಿಯಾಯಿತು. ಊಗೋವಿನ ಸೋದರನಾದ ಶಿಲ್ಪಿ ಆಲೆಹಾಂದ್ರೋ ದಾಕೋಸ್ತಾನು ವೆನಾ ಕಾವಾ ಎಂಬ ಮದ್ಯಶಾಲೆಗೆ ಹಳೆಯ ಮೀನುಗಾರರ ದೋಣಿಗಳನ್ನು ಮಗುಚಿ ಛಾವಣಿ ಮಾಡಿದ್ದಾನೆ. ಇಷ್ಟಾದರೂ ಒಬ್ಬ ಮೆಕ್ಸಿಕೋ ನಿವಾಸಿಯು ವರ್ಷಕ್ಕೆ ಕುಡಿಯುವ ದ್ರಾಕ್ಷಾಮದ್ಯವು ಸರಾಸರಿಯಲ್ಲಿ ಒಂದು ಲೀಟರಿನ ಆಸುಪಾಸಿನದು. ಹೀಗಾಗಿ ಇದು ಜನಸಾಮಾನ್ಯರ ನಿತ್ಯಪಾನವಾಗದೆ, ಬಹುಮಟ್ಟಿಗೆ ಪ್ರವಾಸಿಗಳನ್ನೂ ಪಟ್ಟಣಿಗರನ್ನೂ ಅವಲಂಬಿಸಿದ ಸಂಸ್ಕೃತಿಯಾಗಿಯೇ ಉಳಿದಿದೆ.

೬. ನೀರು ಮತ್ತು ಉಪ್ಪು

ಗ್ವಾದಲೂಪೆಯ ಕೆಂಪು ಮದ್ಯಗಳಲ್ಲಿ ಕೆಲವಕ್ಕೆ ಒಂದು ಬಗೆಯ ಉಪ್ಪಿನ ರುಚಿಯಿರುವುದನ್ನು ಮದ್ಯಪರೀಕ್ಷಕರು ಗುರುತಿಸಿದ್ದಾರೆ. ಇದು ಕಡಲಗಾಳಿಯ ವರವೆಂದು ಹೊಗಳುವವರುಂಟು. ಆದರೆ ಇದಕ್ಕೆ ಮುಖ್ಯವಾದ ಕಾರಣ ಗಾಳಿಯಲ್ಲ, ಬಾವಿ. ನೆಲದೊಳಗಿನ ನೀರಿನಲ್ಲಿ ಕರಗಿದ ಲವಣವನ್ನು ಬಳ್ಳಿಯು ಬೇರಿನಿಂದ ಹೀರಿ ಹಣ್ಣಿಗೆ ಸೇರಿಸುತ್ತದೆ. ಲವಣವು ತಿರುಳಿಗಿಂತ ಸಿಪ್ಪೆಯಲ್ಲಿ ಹೆಚ್ಚಾಗಿ ನಿಲ್ಲುವುದು. ಕೆಂಪು ಮದ್ಯವು ಸಿಪ್ಪೆಯೊಡನೆಯೇ ಹುದುಗುವುದರಿಂದ ಅದರಲ್ಲಿ ಉಪ್ಪು ಎದ್ದುಕಾಣುತ್ತದೆ. ಒಳ್ಳೆಯ ಮಳೆಯಾದ ಚಳಿಗಾಲದಲ್ಲಿ ಬೇರಿನ ಸುತ್ತಲಿನ ಉಪ್ಪು ತೊಳೆದು ಕೆಳಗಿಳಿಯುವುದು. ಮಳೆ ತಪ್ಪಿದ ವರ್ಷಗಳಲ್ಲಿ, ಹನಿನೀರಾವರಿಯಿಂದ ಸ್ವಲ್ಪಸ್ವಲ್ಪವೇ ಬೀಳುವ ನೀರು ಆವಿಯಾಗಿ, ಅದರ ಉಪ್ಪು ಅಲ್ಲಿಯೇ ಕೂಡುತ್ತ ಹೋಗುವುದು. ಹೀಗೆ ಮದ್ಯದ ರುಚಿಯೇ ನೀರಿನ ಸ್ಥಿತಿಯನ್ನು ತಿಳಿಸುವ ಸಾಕ್ಷಿಯಾಗಿದೆ.

ಕಣಿವೆಯ ಅಂತರ್ಜಲದಿಂದ ಪ್ರತಿ ವರ್ಷ ತೆಗೆಯುವ ನೀರು ಮಳೆಯಿಂದ ಮರಳಿ ತುಂಬುವ ನೀರಿಗಿಂತ ಹೆಚ್ಚಾಗಿದೆಯೆಂದು ಮೆಕ್ಸಿಕೋದ ರಾಷ್ಟ್ರೀಯ ಜಲಮಂಡಲಿಯ ಲೆಕ್ಕಗಳಿಂದ ತಿಳಿದುಬರುತ್ತದೆ. ಇದಕ್ಕೆ ದ್ರಾಕ್ಷಿಯೊಂದೇ ಕಾರಣವಲ್ಲ. ೧೯೮೦ರ ದಶಕದಿಂದ ಇಲ್ಲಿಯ ಬಾವಿಗಳ ನೀರನ್ನು ಎನ್ಸೆನಾದಾ ಪಟ್ಟಣದ ಕುಡಿಯುವ ನೀರಿಗಾಗಿ ಒಯ್ಯಲಾಗಿದೆ. ನದಿಯ ಮರಳನ್ನು ಕಟ್ಟಡಗಳಿಗಾಗಿ ತೆಗೆದುದರಿಂದ ನೀರನ್ನು ಹಿಡಿದಿಟ್ಟು ಇಂಗಿಸುತ್ತಿದ್ದ ಹಾಸೇ ತೆಳ್ಳಗಾಯಿತು. ಮದ್ಯದ ಕೀರ್ತಿಯನ್ನು ಕೇಳಿ ಬರುವವರಿಗಾಗಿ ವಸತಿಗೃಹಗಳೂ ಭೋಜನಶಾಲೆಗಳೂ ಹುಟ್ಟಿ, ಅವುಗಳಿಗೂ ನೀರು ಬೇಕಾಯಿತು. ಎನ್ಸೆನಾದಾ ಪುರಸಭೆಯು ೨೦೧೩ರಲ್ಲಿ ಭೂಬಳಕೆಯ ನಿಯಮಗಳನ್ನು ಸಡಿಲಿಸಿ ಹೆಚ್ಚು ಮನೆಗಳಿಗೆ ಅವಕಾಶವೀಯಲು ಹೊರಟಾಗ ಮದ್ಯಗಾರರೂ ಬೆಳೆಗಾರರೂ ಒಟ್ಟುಗೂಡಿ ಪ್ರತಿಭಟಿಸಿದರು.

ಇಲ್ಲಿ ನ್ಯಾಯವು ಒಂದೇ ಕಡೆಯಿದೆಯೆಂದು ಹೇಳುವುದು ಸುಲಭವಲ್ಲ. ಪಟ್ಟಣದ ಬಡವನ ಕೊಡಕ್ಕಿಂತ ಉಳ್ಳವನ ಬಟ್ಟಲು ದೊಡ್ಡದೆಂದು ವಾದಿಸಲಾಗದು. ಮೇಲಾಗಿ ಕಣಿವೆಯಲ್ಲಿ ದುಡಿಯುವವರಲ್ಲಿ ಅನೇಕರು ಓಹಾಕಾ ಮೊದಲಾದ ದಕ್ಷಿಣದ ರಾಜ್ಯಗಳಿಂದ ಕೂಲಿಗಾಗಿ ಬಂದವರು. ಮದ್ಯದ ಕೀರ್ತಿಯಲ್ಲಿ ಅವರ ಪಾಲು ಅಲ್ಪ. ಆದರೆ ಬಳ್ಳಿಯ ಪರವಾಗಿಯೂ ಒಂದು ಮಾತುಂಟು. ಕುದುರೆಮೇವು, ತರಕಾರಿಗಳಿಗಿಂತ ದ್ರಾಕ್ಷಿಗೆ ನೀರು ಕಡಿಮೆ ಸಾಕು. ತೋಟವು ಬಿಸಿಲಿಗೆ ತೆರೆದ ನೆಲವಾಗಿಯೇ ಉಳಿದು ಮಳೆನೀರನ್ನು ಇಂಗಿಸಿಕೊಳ್ಳುತ್ತದೆ; ಕಲ್ಲುಗಾರೆಯಿಂದ ಮುಚ್ಚಿದ ನೆಲ ಇಂಗಿಸಲಾರದು. ತೋಟವು ಬಾಡಿದರೆ ನೆಲವನ್ನು ಮಾರಬಹುದು, ಆದರೆ ಮಾರಿದ ನೆಲ ಮತ್ತೆ ತೋಟವಾಗುವುದು ದುರ್ಲಭ.

ನೀರನ್ನು ಮಿತಿಮೀರಿ ಸೆಳೆದರೆ ಆಗುವುದೇನೆಂಬುದಕ್ಕೆ ದೃಷ್ಟಾಂತವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಎನ್ಸೆನಾದಾದ ತೆಂಕಣಕ್ಕಿರುವ ಮನೆಯಾದೆರೋ ಎಂಬ ಕರಾವಳಿಯ ಬಯಲಿನಲ್ಲಿ ಬಾವಿಗಳು ಸಿಹಿನೀರನ್ನು ಬರಿದುಮಾಡಲು, ಆ ತೆರವಿಗೆ ಕಡಲಿನ ಉಪ್ಪುನೀರು ನೆಲದೊಳಗಿನಿಂದಲೇ ನುಗ್ಗಿತು. ಗ್ವಾದಲೂಪೆಯು ಕಡಲಿಗೆ ಅಷ್ಟು ಹತ್ತಿರದಲ್ಲಿಲ್ಲ. ಆದರೆ ನೀರು ಇಳಿದಷ್ಟೂ ಉಪ್ಪು ಏರುವುದು ಎರಡೆಡೆಯಲ್ಲಿಯೂ ಒಂದೇ. ಕಡಲಿನ ನೀರನ್ನು ಸಿಹಿಮಾಡುವ ಸ್ಥಾವರವು ೨೦೧೮ರಲ್ಲಿ ಎನ್ಸೆನಾದಾದಲ್ಲಿ ಕೆಲಸಕ್ಕೆ ತೊಡಗಿದುದು ಪಟ್ಟಣದ ಹೊರೆಯನ್ನು ಕಣಿವೆಯ ಮೇಲಿಂದ ಇಳಿಸುವ ದಾರಿಗಳಲ್ಲಿ ಒಂದಾಗಿದೆ.

೭. ಉಪಸಂಹಾರ

ಮೇಲಿನ ವಿಷಯಗಳಿಂದ ಸಿದ್ಧವಾಗುವುದೇನೆಂದರೆ, ಮದ್ಯದ ಸಂಸ್ಕೃತಿಯು ಪುರಾತನವಾಗಿರಲೇಬೇಕೆಂಬ ನಿಯಮವಿಲ್ಲ. ಪೂಜೆಗೆಂದು ಬಂದ ಬಳ್ಳಿಯು ಹೊಟ್ಟೆಪಾಡಿಗೆಂದು ಬಂದವರ ಕೈಯಲ್ಲಿ ಬೆಳೆದು, ಬ್ರಾಂದಿಯ ಭಟ್ಟಿಯನ್ನು ಹಾದು, ಒಂದು ವ್ಯಾಪಾರಸಂಕಟದ ಫಲವಾಗಿ ಕಲೆಯಾಯಿತು. ನಾಲ್ವತ್ತು ವರ್ಷಗಳಷ್ಟು ಅಲ್ಪಕಾಲದಲ್ಲಿ ಅದಕ್ಕೆ ಶಾಲೆ, ಹಬ್ಬ, ಶಿಲ್ಪ, ಅಡಿಗೆಗಳು ಒದಗಿದವು. ಬಿಸಿಲೂ ತಂಪೂ ಕೇಳದೆಯೇ ದೊರೆತವು. ವಿದ್ಯೆಯನ್ನು ಹೊರಗಿನಿಂದ ತಂದುಕೊಂಡದ್ದಾಯಿತು. ನೀರನ್ನು ಮಾತ್ರ ಯಾವ ದೇಶದಿಂದಲೂ ತರಿಸಿಕೊಳ್ಳಲಾಗದು. ಇದ್ದುದನ್ನು ಹಂಚಿಕೊಂಡೇ ಬಾಳಬೇಕು. ಮಠ ಅಳಿದರೂ, ರಷ್ಯನ್ನರು ಹೋದರೂ, ಬ್ರಾಂದಿಯ ಕಾಲ ಮುಗಿದರೂ ಬಳ್ಳಿಯು ಈ ಕಣಿವೆಯಲ್ಲಿ ಉಳಿದುದು ಅದರ ಬೇರಿಗೆ ತೇವ ಸಿಕ್ಕುತ್ತಿದ್ದುದರಿಂದ. ಮುಂದೆ ಅದು ಉಳಿಯುವುದೋ ಇಲ್ಲವೋ ಎಂಬುದು ಮದ್ಯಪರೀಕ್ಷಕರ ನಾಲಗೆಯಿಂದ ತೀರ್ಮಾನವಾಗತಕ್ಕದ್ದಲ್ಲ. ಕಣಿವೆಯ ಬಾವಿಗಳಲ್ಲಿ ನೀರು ಎಷ್ಟು ಆಳದಲ್ಲಿ ನಿಂತಿದೆಯೆಂಬುದರಿಂದ ತೀರ್ಮಾನವಾಗತಕ್ಕದ್ದು.